ಹೊತ್ತಲ್ಲದ ಹೊತ್ತಿನ ಗಂಟೆ

ಆ ಬೆಳಿಗ್ಗೆ ಮಳೆ ಬೀಳುತ್ತಿರಲಿಲ್ಲ, ತೂಗುತ್ತಿತ್ತು. ಜರಡಿ ಹಿಡಿದಂಥ ತುಂತುರು ಉಪ್ಪಿನ ಮಡಿಗಳ ಮೇಲೆ ನಿಂತೇಬಿಟ್ಟಿತ್ತು. ಉಪ್ಪು ಕಟ್ಟದ ದಿನ ಗಂಡಸರ ಕೈ ಖಾಲಿ. ಖಾಲಿ ಕೈಗೆ ಬಿದಿರ ದೊಣ್ಣೆ ಬೇಗ ಸಿಗುತ್ತದೆ.

ಸುಟ್ಟ ವಾಸನೆಗೆ ಖುವೆ ಇಗರ್ಜಿಯ ಅಂಗಳಕ್ಕೆ ಓಡಿಬಂದಾಗ ಗಂಟೆ ಬಾರಿಸುವ ಲುಯೆನ್‌ನ ಬೈಕು ಉರಿಯುತ್ತಿತ್ತು. ಲುಯೆನ್ ನೆಲಕ್ಕೆ ಬಿದ್ದಾಗಿತ್ತು. ಪಕ್ಕದೂರಿನ ಗುಂಪು ಸುತ್ತ ನಿಂತು ಬಡಿಯುತ್ತಿತ್ತು. ಅವನ ಬಲಗೈ ಮೊಣಕೈಯಿಂದಾಚೆ ತಿರುಚಿಕೊಂಡಿತ್ತು. ಕಿವಿಯಿಂದ ಇಳಿದ ರಕ್ತ ತುಂತುರಿನಲ್ಲಿ ಕದಡಿ ಇಟ್ಟಿಗೆಯ ಸಂದಿಗೆ ಹರಿಯುತ್ತಿತ್ತು.

"ನಾಯಿಕಳ್ಳನಿಗೆ ದೇವರ ಗಂಟೆ ಬೇರೆ ಕೇಡು," ಎಂದು ಒಬ್ಬ ಪಕ್ಕೆಗೆ ಒದ್ದ.

ಖುವೆ ಗುಂಪಿನ ಹಿರಿಯ ವುವೊಂಗನ ತೋಳು ಹಿಡಿದಳು. "ಬಿಡಿ ದೊಡ್ಡಪ್ಪ. ಇಲಿ ಹಿಡಿಯೋಕೂ ಅಂಜೋನು ಇವನು."

ವುವೊಂಗ್ ಫೋನು ಚಾಚಿದ. "ನನ್ನ ನಾಯಿ ಕದ್ದ ಇಬ್ಬರಲ್ಲಿ ಒಬ್ಬ ಸಿಕ್ಕ. ನಾಲ್ಕು ಬಿಟ್ಟಾಗ ಜೊತೆಗಾರನ ಹೆಸರು ಬಾಯಿಬಿಟ್ಟ. ಅಕ್ಷರದ ಒಂದು ಗುರುತೂ ತಪ್ಪದ ಹಾಗೆ ಒತ್ತಿದೀನಿ ಕಣಮ್ಮ. ಹೆಸರು ಒತ್ತಿದ್ರೆ ಮನೆ ಹೇಳೋ ನಿಮ್ಮೂರ ಹುಡುಕುಪುಟ ಇವನ ಮನೆ ತೋರಿಸ್ತು. ನೀನೇ ಅಲ್ವಾ ಅದನ್ನ ಮಾಡಿದ್ದು?"

ಅವರ ಬರಹದಲ್ಲಿ ಅಕ್ಷರದ ಮೇಲೆ ಕೆಳಗಿನ ಗುರುತು ಬದಲಾದರೆ ಹೆಸರೇ ಬದಲು. ಅವನು ಒತ್ತಿದ್ದ ಹೆಸರಿನ ನೆತ್ತಿಯ ಮೇಲೆ ಗೀಟಿತ್ತು. ಗಂಟೆಯವನ ಹೆಸರಿಗೆ ಬುಡದಲ್ಲಿ ಚುಕ್ಕೆ. ಕೂಗುವ ದನಿಯೇ ಬೇರೆ, ಮನುಷ್ಯನೇ ಬೇರೆ. ಫೋನಿನಲ್ಲಿ ಗುರುತು ಒತ್ತಲಾರದ ಮುದುಕರಿಗೆ ಸುಲಭವಾಗಲೆಂದು, ಹೆಸರುಗಳನ್ನು ಒಳಗೆ ಜೋಡಿಸಿಕೊಳ್ಳುವಾಗಲೇ ಗುರುತೆಲ್ಲ ಕಿತ್ತುಹಾಕುವಂತೆ ತಂತ್ರಾಂಶಕ್ಕೆ ಹೇಳಿಟ್ಟವಳು ಖುವೆಯೇ. ಆಮೇಲೆ ಯಾರು ಎಷ್ಟು ಜೋಪಾನವಾಗಿ ಒತ್ತಿದರೂ ಅದಕ್ಕೆ ಎಲ್ಲವೂ ಒಂದೇ ಬೋಳು ತಲೆ.

"ಇದು ಬೇರೆಯವನ ಹೆಸರು," ಎಂದಳು. ಯಾರಿಗೂ ಕೇಳಿಸಲಿಲ್ಲ. ಒಬ್ಬ ಇಟ್ಟಿಗೆಯನ್ನು ಎರಡೂ ಕೈಯಲ್ಲಿ ಲುಯೆನ್‌ನ ತಲೆಯ ನೇರಕ್ಕೆ ಎತ್ತುತ್ತಿದ್ದ.

ಖುವೆ ಗೋಪುರಕ್ಕೆ ಓಡಿ ಹಗ್ಗಕ್ಕೆ ಜೋತುಬಿದ್ದಳು. ಮೂರು ಹೊಡೆತ, ಬಿಡುವು, ಮತ್ತೆ ಮೂರು. ಮಧ್ಯಾಹ್ನದ ಪ್ರಾರ್ಥನೆಗೆ ಇನ್ನೂ ಹೊತ್ತಿತ್ತು. ಆದರೆ ಈ ಗಂಟೆ ಕೇಳಿದೊಡನೆ ಶಿಲುಬೆಯ ಗುರುತು ಹಾಕಲು ತಾಯಿಯ ತೊಡೆಯ ಮೇಲೆ ಕಲಿತ ಕೈ ಗಡಿಯಾರ ನೋಡುವುದಿಲ್ಲ. ಇಟ್ಟಿಗೆ ಕೆಳಗಿಳಿಯಿತು. ದೊಣ್ಣೆಗಳು ಜಾರಿದವು. ರಕ್ತ ಅಂಟಿದ ಬೆರಳುಗಳೇ ಹಣೆ, ಎದೆ, ಭುಜ ಮುಟ್ಟಿಕೊಂಡವು.

ಬಿದ್ದಲ್ಲಿಂದಲೇ ಲುಯೆನ್ ಒಡೆದ ತುಟಿಯಲ್ಲೇ ಪ್ರಾರ್ಥನೆ ಎತ್ತಿಕೊಂಡ. ಹೊಡೆದವರೇ ಓಗೊಟ್ಟರು.

ಖುವೆ ಹೊರಬಂದು ಅವನ ಮುಂದೆ ನಿಂತಳು. "ಇವನು ಬೇರೆ, ನೀವು ಹುಡುಕೋನು ಬೇರೆ. ಯಂತ್ರಕ್ಕೆ ತಪ್ಪು ಕಲಿಸಿದ್ದು ನಾನು. ಹೊಡೆಯೋದು ಉಳಿದಿದ್ದರೆ ಇಲ್ಲಿ ಹೊಡೀರಿ."

ಬಿದ್ದ ದೊಣ್ಣೆ ಎತ್ತಿಕೊಳ್ಳಲು ಯಾರೂ ಬಗ್ಗಲಿಲ್ಲ.

ಸಂಜೆ ಅವಳು ತಂತ್ರಾಂಶವನ್ನು ತಿದ್ದಿದಳು: ಬೋಳು ಹೆಸರನ್ನೂ ಇಟ್ಟುಕೋ, ಗುರುತಿನ ಹೆಸರನ್ನೂ ಇಟ್ಟುಕೋ, ಗುರುತು ಒತ್ತಿದವರಿಗೆ ಅದನ್ನು ಬಿಟ್ಟು ಬೇರೆ ತೋರಬೇಡ. ಕಳ್ಳನ ಹೆಸರನ್ನು ಒತ್ತಿ ನೋಡಿದಳು. ಈ ಊರಲ್ಲಿ ಯಾರೂ ಇಲ್ಲ ಎಂದಿತು.

ಭಾನುವಾರ ವುವೊಂಗ್ ತನ್ನ ಬೈಕನ್ನು ತಳ್ಳಿಕೊಂಡು ಬಂದು, ಅಂಗಳದ ಕರಿ ಕಲೆಯ ಮೇಲೆ ನಿಲ್ಲಿಸಿದ. ಲುಯೆನ್‌ನ ಬಲಗೈ ಕಟ್ಟಿನಲ್ಲಿತ್ತು. ವುವೊಂಗ್ ಕೀಲಿಯನ್ನು ಅವನ ಎಡಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಚಿ, ತುಂತುರಿನಲ್ಲಿ ನಡೆದೇ ಹೋದ.