ಬಿಳಿ ಅಂಚು

ಗುಬ್ಬಿಯಿಂದ ಬಂದ ಕಾರ್ಡನ್ನು ರಹಮತ್ ಉಲ್ಲಾ ಮೂರನೇ ಸಲ ಓದಿ, ಬೆಂಚಿನ ಮೇಲೆ ಮಗುಚಿಟ್ಟ. ಮಗುಚಿಟ್ಟ ಮಾತ್ರಕ್ಕೆ ಬರೆದದ್ದು ಬದಲಾಗುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು.

"ಪಟ ತೆಗೆದುಕೊಂಡು ಹೋಗಲು ಶುಕ್ರವಾರ ಹನ್ನೆರಡರ ಗಾಡಿಗೆ ಬರುತ್ತೇನೆ. ಚಿತ್ರದ ಕೆಳಗೆ ಬಿಳಿ ಜಾಗದಲ್ಲಿ ಸಾಹೇಬರು ಪೆನ್ಸಿಲಿನಲ್ಲಿ ನನ್ನ ಹೆಸರು ಬರೆದಿದ್ದಾರೆ. ಅದು ಫ್ರೇಮಿನಡಿ ಮುಚ್ಚಿಹೋಗದ ಹಾಗೆ ನೋಡಿಕೊಳ್ಳಿ. ಇತಿ, ಪುಟ್ಟರಂಗಯ್ಯ."

ಇವತ್ತೇ ಶುಕ್ರವಾರ. ಹನ್ನೊಂದು ಹೊಡೆದು ಹತ್ತು ನಿಮಿಷವಾಗಿತ್ತು. ಕಾರ್ಡು ಬಂದದ್ದು ಈಗ. ಬಿಳಿ ಜಾಗ ಹೋದದ್ದು ಬುಧವಾರ.

ತುಮಕೂರಿನ ಮಂಡಿಪೇಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಪಟಗಳಿಗೆ ಕಟ್ಟು ಹಾಕುವವನು ರಹಮತ್ ಉಲ್ಲಾ. ಲಕ್ಷ್ಮಿ ಬರಲಿ, ತಿಮ್ಮಪ್ಪ ಬರಲಿ, ಕಾಬಾದ ಚಿತ್ರವೇ ಬರಲಿ, ಅವನ ಕತ್ತರಿ ಮೊದಲು ಹೋಗುತ್ತಿದ್ದುದು ಸುತ್ತಲಿನ ಬಿಳಿ ಅಂಚಿಗೆ. ಅಂಚು ಬಿಟ್ಟರೆ ದೇವರು ಚಿಕ್ಕವನಾಗಿ ಕಾಣುತ್ತಾನೆ ಎಂದು ಗಿರಾಕಿಗಳೇ ತಕರಾರು ತೆಗೆಯುತ್ತಿದ್ದರು. ಕತ್ತರಿಸಿದ ತುಂಡುಗಳು ಮೈದಾ ಅಂಟು ಕುದಿಸುವ ಒಲೆಗೆ. ಪುಟ್ಟರಂಗಯ್ಯ ತಂದುಕೊಟ್ಟ ರೈಲು ಇಂಜಿನ್ನಿನ ಚಿತ್ರಕ್ಕೂ ಅದೇ ಮರ್ಯಾದೆ ಆಗಿತ್ತು. ಕೆಳಗೆ ಪೆನ್ಸಿಲಿನ ಗೀಚು ಏನೋ ಇದ್ದಂತಿತ್ತು. ಅವನು ಸರಿಯಾಗಿ ನೋಡಿಯೂ ಇರಲಿಲ್ಲ.

"ಹೆದ್ರುಕೊಂಡು ಕೂತ್ರೆ ಆಗಲ್ಲ ರಹಮತಣ್ಣ," ಎಂದ ಪಕ್ಕದಂಗಡಿಯ ಅಂಜಿನಪ್ಪ. ಅವನು ಬೋರ್ಡು ಬರೆಯುವವನು. ಇಂಗ್ಲಿಷ್ ಅಕ್ಷರವನ್ನು ಅಚ್ಚೊತ್ತಿದಂತೆ ಬರೆಯುತ್ತಿದ್ದ, ಅರ್ಥದ ಗೊಡವೆಗೆ ಹೋಗುತ್ತಿರಲಿಲ್ಲ. "ಕೆಳಗೊಂದು ಬಿಳಿ ಪಟ್ಟಿ ಅಂಟ್ಸು. ಪೆನ್ಸಿಲಲ್ಲಿ ಅವನ ಹೆಸ್ರು ನಾನ್ ಗೀಚ್ತೀನಿ. ಗಾಜಿನೊಳಗೆ ಯಾವನಿಗ್ ಗೊತ್ತಾಗ್ತದೆ?"

"ಸತ್ತೋದ ಸಾಹೇಬ್ರ ಕೈಬರಹ ನೀನ್ ಬರೀತೀಯಾ?"

"ಮತ್ತೇನ್ ಮಾಡ್ತೀಯ?"

"ಕೈತಪ್ಪು ಆಗೈತೆ ಅಂತ ಹೇಳ್ತೀನಿ. ಈ ಅಂಗ್ಡೀಲಿ ತಪ್ಪು ಆಗೈತೆ, ಮೋಸ ಆಗಿಲ್ಲ."

ಮಾತು ದೊಡ್ಡದಾಗಿ ಬಂತು, ಆದರೆ ಕಣ್ಣು ಮತ್ತೆ ಮತ್ತೆ ಗಡಿಯಾರದ ಕಡೆ ಹೋಗುತ್ತಿತ್ತು. ಪಟ ಕೊಟ್ಟುಹೋದ ದಿನ ಮುದುಕ ಪುಟ್ಟರಂಗಯ್ಯ ಸ್ಟೂಲಿನ ಮೇಲೆ ಕೂತು ಅರ್ಧ ಗಂಟೆ ಹೇಳಿದ ಕಥೆ ಅವನಿಗೆ ಚೆನ್ನಾಗಿ ನೆನಪಿತ್ತು. ಹೆಸರಿನ ಸುದ್ದಿಯೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದ್ದ.

ಆ ಇಂಜಿನ್ನು ಲೋಕದಲ್ಲಿಲ್ಲದ ಇಂಜಿನ್ನು. ಡ್ರೈವರ್ ಕೂರುವ ಗೂಡು ಮುಂದೆ, ಹೊಗೆಗೂಡು ಹಿಂದೆ. ಚಕ್ರಗಳಿಗೆಲ್ಲ ತಗಡಿನ ಮುಚ್ಚಳ. ಸಾಹೇಬನೊಬ್ಬ ಹೊಸ ತರಹ ಮಾಡಿ ನೋಡೋಣವೆಂದು ಕಟ್ಟಿಸಿ, ಗುಬ್ಬಿಯ ದಾರಿಯಲ್ಲಿ ಹನ್ನೊಂದು ದಿನ ಓಡಿಸಿದ್ದ. ಬೆಂಕಿಗೆ ಕಲ್ಲಿದ್ದಲು ಹಾಕುತ್ತಿದ್ದ ಫೈರ್‌ಮನ್ ಪುಟ್ಟರಂಗಯ್ಯ, ಆಗ ಇಪ್ಪತ್ತಾರು ವರ್ಷದವನು. ಹನ್ನೆರಡನೇ ದಿನ ಅದನ್ನು ಶೆಡ್ಡಿಗೆ ತಳ್ಳಿ, ಆಮೇಲೆ ಬಿಚ್ಚಿ ಗುಜರಿಗೆ ಹಾಕಿದರು. ಜೊತೆಗಿದ್ದವರು ಒಬ್ಬೊಬ್ಬರೇ ತೀರಿಕೊಂಡರು. ಉಳಿದವನು ಇವನೊಬ್ಬನೇ. ಹೊಗೆಗೂಡಿನ ಮುಂದೆ ಡ್ರೈವರ್ ಕೂರುವ ಇಂಜಿನ್ನನ್ನು ಯಾರು ನಂಬುತ್ತಾರೆ? ರೈಲ್ವೆಯವರೆಲ್ಲ ಸೇರಿ ಅವನಿಗೆ ಬುರುಡೆ ರಂಗಯ್ಯ ಎಂದು ಹೆಸರಿಟ್ಟರು. ಹೆಂಡತಿಯ ತವರಿನವರೂ ಹಾಗೇ ಕರೆದರು. ನಲವತ್ನಾಲ್ಕು ವರ್ಷ.

ಸಾಹೇಬ ವಿಲಾಯಿತಿಯಲ್ಲಿ ಮುಪ್ಪಿನ ಕಾಲಕ್ಕೆ ಆ ಇಂಜಿನ್ನಿನ ಚಿತ್ರ ಬರೆದು, ಒಳ್ಳೆಯ ಕಾಗದದಲ್ಲಿ ಕೆಲವೇ ಪ್ರತಿ ಅಚ್ಚು ಹಾಕಿಸಿದ್ದನಂತೆ. ಅವನು ತೀರಿಕೊಂಡ ಮೇಲೆ ಮಗಳು ಒಂದು ಪ್ರತಿಯನ್ನು ಯಾರದೋ ಕೈಯಲ್ಲಿ ಕಳಿಸಿದ್ದಳು. ನಾಳೆ ಅರಸೀಕೆರೆಯಲ್ಲಿ ನಿವೃತ್ತರಾದ ರೈಲ್ವೆಯವರ ಕೂಟ. ಕಟ್ಟು ಹಾಕಿಸಿಯೇ ಅಲ್ಲಿ ಎತ್ತಿ ತೋರಿಸಬೇಕು, ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳಕೂಡದು ಎಂದು ಮುದುಕನ ಹಟ.

ಹನ್ನೆರಡೂಕಾಲಿಗೆ ಪುಟ್ಟರಂಗಯ್ಯ ಬಂದ. ಇಸ್ತ್ರಿ ಮಾಡಿದ ಕೋಟು ಹಾಕಿದ್ದ. ಜುಮ್ಮಾ ನಮಾಜಿಗೆ ಹೊರಡಬೇಕಾದ ಹೊತ್ತು, ರಹಮತ್ ಉಲ್ಲಾ ಎದ್ದು ನಿಂತವನು ನಿಂತೇ ಇದ್ದ.

"ಆಗೈತಾ ಸಾಬ್ರೇ?"

ಪಟವನ್ನು ಅವನ ಕೈಗೆ ಕೊಟ್ಟ. ಮುದುಕ ಕೋಟಿನ ತುದಿಯಿಂದ ಗಾಜು ಒರೆಸಿದ, ಇಂಜಿನ್ನನ್ನು ನೋಡಿ ನಕ್ಕ. ಆಮೇಲೆ ಹೆಬ್ಬೆರಳು ಕೆಳಗಿನ ಮರದ ಪಟ್ಟಿಯ ಉದ್ದಕ್ಕೂ ಎಡದಿಂದ ಬಲಕ್ಕೆ ಹೋಯಿತು, ಬಲದಿಂದ ಎಡಕ್ಕೆ ಬಂತು.

"ಬರಹ ಮರದಡಿ ಹೋಗೈತೆ."

"ಮರದಡಿ ಇಲ್ಲ ಯಜಮಾನ್ರೇ. ನಾನ್ ಕತ್ತರಿಸ್ಬುಟ್ಟೆ. ನಿಮ್ ಕಾರ್ಡು ಇವತ್ ಬಂತು."

"ಆ ಚೂರು ಕೊಡಿ."

"ಒಲೆಗೆ ಹೋಯ್ತು."

ಪುಟ್ಟರಂಗಯ್ಯ ಸ್ಟೂಲಿನ ಮೇಲೆ ಕೂತ. ಬೈಯುತ್ತಾನೆಂದು ರಹಮತ್ ಉಲ್ಲಾ ಕಾದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಂಜಿನಪ್ಪ ಬ್ರಶ್ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತ.

"ಬರೀ ಪಟ ತೋರಿಸಿದ್ರೆ ಏನಂತಾರೆ ಗೊತ್ತಾ?" ಮುದುಕ ನೆಲ ನೋಡುತ್ತ ಹೇಳಿದ. "ಫಾರಿನ್ ಇಂಜಿನ್ ಕಣೋ, ನಿಂಗೂ ಅದಕ್ಕೂ ಏನ್ಲಾ ಸಂಬಂಧ ಅಂತಾರೆ. ಇಷ್ಟ್ ದಿನ ಬರೀ ಬಾಯಲ್ಲಿ ಬುರುಡೆ ಬಿಡ್ತಿದ್ದ, ಈಗ ಪಟ ಬೇರೆ ತಂದವ್ನೆ ಅಂತಾರೆ." ಆಮೇಲೆ ತಲೆಯೆತ್ತಿದ. "ಕತ್ತರಿಸೋ ಮುಂಚೆ ನೀವ್ ಓದಿದ್ರಾ? ನಂಗೆ ಇಂಗ್ಲಿಷ್ ಬರಲ್ಲ. ತಂದುಕೊಟ್ಟೋರು ಓದಿ ಹೇಳಿದ್ರು, ಅಷ್ಟೇ. ನೀವ್ ನೋಡಿದ್ರಾ?"

ಇಲ್ಲ ಎನ್ನಲು ರಹಮತ್ ಉಲ್ಲಾ ಬಾಯಿ ತೆರೆದ. ಆ ಕಣ್ಣುಗಳು ಅವನ ತುಟಿಯ ಮೇಲೇ ಇದ್ದವು.

"ಓದಿದ್ದೆ," ಎಂದ. "ಬಿಲ್ಲು ಬರೆಯೋಷ್ಟು ಇಂಗ್ಲಿಷ್ ಬರ್ತದೆ ನಂಗೆ. ಫೈರ್‌ಮನ್ ಪುಟ್ಟರಂಗಯ್ಯ ಅಂತಿತ್ತು. ಕೆಳಗೆ ಸಾಹೇಬ್ರ ಸಹಿ."

ಬಾಗಿಲಲ್ಲಿ ಅಂಜಿನಪ್ಪ ಕೆಮ್ಮಿದ.

"ಓದಿ, ಆಮೇಲೆ ಕತ್ತರಿಸಿದ್ರಾ?" ಮುದುಕನ ದನಿ ಮೊದಲ ಸಲ ಏರಿತು. "ಒಬ್ಬ ಮನುಷ್ಯನ ಹೆಸ್ರು ಅಂತ ಗೊತ್ತಿದ್ದೂ ಒಲೆಗ್ ಹಾಕ್ದೆಯಾ? ನೀನೆಂಥೋನಯ್ಯಾ?"

ಓದಲಿಲ್ಲ ಎಂದು ಈಗಲೂ ಹೇಳಬಹುದಿತ್ತು. ಹೇಳಿದ್ದರೆ ತಪ್ಪು ಅರ್ಧಕ್ಕರ್ಧ ಇಳಿಯುತ್ತಿತ್ತು.

"ಹೂಂ. ಹಾಕ್ದೆ," ಎಂದ ರಹಮತ್ ಉಲ್ಲಾ.

ಪುಟ್ಟರಂಗಯ್ಯ ಎದ್ದ, ಮತ್ತೆ ಕೂತ. ಪಟವನ್ನು ತೊಡೆಯ ಮೇಲೆ ಬೋರಲು ಹಾಕಿ, ಹಿಂಬದಿಯ ರಟ್ಟನ್ನು ತಟ್ಟಿದ. "ಇಲ್ಲಿ ಬರ್ಕೊಡ್ತೀರಾ? ಓದಿದ್ದು, ಕತ್ತರಿಸಿದ್ದು, ಎರಡೂ. ಕನ್ನಡದಲ್ಲಿ."

"ರಹಮತಣ್ಣ," ಎಂದು ಅಂಜಿನಪ್ಪ ಒಳಗೆ ಬಂದ. "ಓದಿ ಕತ್ತರಿಸ್ದೆ ಅಂತ ನೀನೇ ಬರ್ದುಕೊಟ್ರೆ ನಾಳೆ ನಿನ್ ಅಂಗ್ಡಿಗೆ ಯಾವನ್ ಪಟ ತರ್ತಾನೆ? ಬಾಯಲ್ ಹೇಳಿದ್ದು ಸಾಕು ಬುಡು."

ಬಾಯಿಯಲ್ಲಿ ಹೇಳುವುದು ಬೇರೆ, ಬರೆದು ಸಹಿ ಹಾಕುವುದು ಬೇರೆ. ಇನ್ನರ್ಧ ಗಂಟೆಯಲ್ಲಿ ದೇವರ ಮುಂದೆ ನಿಲ್ಲಬೇಕಾದವನು ರಹಮತ್ ಉಲ್ಲಾ. ಭಯವಾಯಿತು, ನಿಜವಾಗಿ ಭಯವಾಯಿತು. ಆದರೂ ಡ್ರಾಯರಿನಿಂದ ಪೆನ್ನು ತೆಗೆದ. ಮುದುಕನ ತೊಡೆಯ ಮೇಲಿಂದ ಪಟವನ್ನು ಮೆಲ್ಲಗೆ ಎತ್ತಿ ಬೆಂಚಿನ ಮೇಲಿಟ್ಟು, ದಪ್ಪ ಅಕ್ಷರದಲ್ಲಿ ಬರೆದು, ಅಂಗಡಿಯ ಹೆಸರು ಹಾಕಿ, ಸಹಿ ಮಾಡಿ, ತಾರೀಕು ಬರೆದ. ಅಂಜಿನಪ್ಪ ಬಗ್ಗಿ ನೋಡಿ ತನ್ನ ಅಂಗಡಿಗೆ ಹೋದ.

"ಕನ್ನಡಕ ತಂದಿಲ್ಲ," ಎಂದ ಪುಟ್ಟರಂಗಯ್ಯ. "ನೀವೇ ಓದಿ."

"ಈ ಚಿತ್ರದ ಕೆಳಗೆ ಫೈರ್‌ಮನ್ ಪುಟ್ಟರಂಗಯ್ಯ ಎಂದು ಸಾಹೇಬರ ಕೈಬರಹ ಇತ್ತು. ನಾನು," ರಹಮತ್ ಉಲ್ಲಾನ ಓದು ಅಲ್ಲಿ ನಿಂತಿತು. "ನಾನು ಕಣ್ಣಾರೆ ಓದಿದ್ದೇನೆ. ಓದಿದ ಮೇಲೆ ಕತ್ತರಿಸಿದೆ. ತಪ್ಪು ನನ್ನದು."

ಮುದುಕ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ ಕೇಳಿದ. ರಸ್ತೆಯಲ್ಲಿ ಗಾಡಿಯೊಂದು ಸದ್ದು ಮಾಡುತ್ತ ದಾಟಿಹೋಗುವವರೆಗೆ ಕಾದ.

"ಇನ್ನೊಂದ್ ಸಲ ಓದಿ ಸಾಬ್ರೇ," ಎಂದ. "ನಿಧಾನಕ್ಕೆ."

ರಹಮತ್ ಉಲ್ಲಾ ಪಟವನ್ನು ಬೆಳಕಿಗೆ ತಿರುಗಿಸಿಕೊಂಡು ಮೊದಲಿನಿಂದ ಓದಿದ. ಈ ಸಲ ಎಲ್ಲೂ ನಿಲ್ಲಲಿಲ್ಲ.