ಇಪ್ಪತ್ತೊಂಬತ್ತು ಕಾಯಿಗಳ ಡಬ್ಬಿ

ಚೆಸ್ ಕಲಿಯಬೇಕೆಂದು ಯಾರೇ ಬರಲಿ, ಲ್ಯಾಬ್ ಮಾಮ ಮೊದಲು ಇಪ್ಪತ್ತೊಂಬತ್ತು ಕಾಯಿಗಳನ್ನು ಎಣಿಸಿ ತಗಡಿನ ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ಮೊಣಕೈ ಊರಿ ಕೂರುತ್ತಿದ್ದರು. ಮಣೆಯ ಮೇಲೆ ಉಳಿಯುತ್ತಿದ್ದುದು ಎರಡು ರಾಜ, ಒಂದು ಕಾಲಾಳು. ಆ ಕಾಲಾಳನ್ನು ಎದುರಂಚಿಗೆ ಮುಟ್ಟಿಸಿ ಮಂತ್ರಿಯಾಗಿಸುವ ವಿದ್ಯೆ ಕೈಗೆ ಹತ್ತುವವರೆಗೆ ಡಬ್ಬಿ ತೆರೆಯುವ ಮಾತೇ ಇಲ್ಲ.

ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಅವರು ಸಹಾಯಕರು; ಅಲ್ಲೇ ಹನ್ನೊಂದು ವರ್ಷ ಪಾಠ ಮಾಡಿದವನು ನಾನು. ತೋಳಿನಲ್ಲಿ ಆಸಿಡ್ ಸುಟ್ಟ ಮೂರು ತೂತುಗಳಿದ್ದ ಕಂದು ಕೋಟು ತೊಟ್ಟು, ನೆಲಗಲ್ಲಿನ ಗೆರೆ ತುಳಿಯದೆ, ಹೆಜ್ಜೆಗೊಮ್ಮೆ ನಿಂತು ಸುತ್ತ ನೋಡಿ ನಡೆಯುತ್ತಿದ್ದರು. ವಿದ್ಯಾರ್ಥಿಗಳು ಲೋಲಕದ ಆಂದೋಲನವನ್ನು ಇಪ್ಪತ್ತು ಎಣಿಸಿದರೆ ಇವರು ಐವತ್ತು ಎಣಿಸಿ, "ಹೂಂ, ಈಗ ಬರ್ಕೊಳ್ಳಿ" ಎನ್ನುವರು.

ಮೊದಲು ಕೊನೆಯಾಟ ಕಲಿಯಬೇಕೆಂಬ ಅವರ ಸಿದ್ಧಾಂತ ತಪ್ಪೆಂದು ನಾನು ಹೇಳಲಾರೆ. ಆದರೆ ತಮ್ಮ ಮಗಳಿಗೆ ಎಂಟನೆಯ ವಯಸ್ಸಿನಿಂದ ಏಳು ವರ್ಷ ಅದೊಂದನ್ನೇ ಕಲಿಸಿದರು. ಪೂರ್ತಿ ಕಾಯಿಯಿಟ್ಟು ಕೂತರೂ ಆನೆಗೆ ಆನೆ, ಮಂತ್ರಿಗೆ ಮಂತ್ರಿ ಹೊಡೆದಾಡಿಸಿ, ಹತ್ತು ನಿಮಿಷದಲ್ಲಿ ಮಣೆ ಬರಿದು ಮಾಡಿ, "ಈಗ ಶುರು" ಎನ್ನುತ್ತಿದ್ದರು. ಬೇರೆಯವರೊಡನೆ ಆಡಲು ಬಿಡಲಿಲ್ಲ, ಕೈ ಕೆಡುತ್ತದಂತೆ.

"ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿದ ಹಾಗಾಯ್ತು ನಿಮ್ದು" ಎಂದು ಅವರ ಹೆಂಡತಿ ಚುಚ್ಚುವಳು.

"ಸುಮ್ನಿರೇ. ಮೂರು ಕಾಯಿ ಸಂಭಾಳಿಸೋಕೆ ಬರದೋರಿಗೆ ಮೂವತ್ತೆರಡು ಯಾಕೆ?"

ಹದಿನೈದನೆಯ ವಯಸ್ಸಿಗೆ ಮಗಳು ಕಿರಿಯರ ಚೆಸ್ ತಂಡದ ಆಯ್ಕೆಗೆ ಹೋದಳು; ಒಂದು ಆಟ ಸೋತರೂ ಹೊರಗೆ. ಆ ತಂಡಕ್ಕಾಗಿಯೇ ಅವಳು ಗೆಳತಿಯರನ್ನೂ ರಜೆಗಳನ್ನೂ ಬಿಟ್ಟಿದ್ದಳು. ಎದುರಾಳಿಗಳಲ್ಲಿ ಮೊದಲ ನಾಲ್ವರು ಕಾಯಿಗೆ ಕಾಯಿ ಕೊಟ್ಟು ಕೊನೆಯಾಟಕ್ಕಿಳಿದರು, ಸೋತರು. ಐದನೆಯವಳು ಏನನ್ನೂ ಕೊಡಲಿಲ್ಲ. ಎಲ್ಲ ಕಾಯಿಗಳನ್ನೂ ಇಟ್ಟುಕೊಂಡು ರಾಜನ ಮೇಲೆಯೇ ಬಂದಳು. ಹದಿನಾಲ್ಕನೆಯ ನಡೆಗೆ ಮಗಳು ಸೋತಳು. ತಂಡದ ಬಾಗಿಲೂ ಮುಚ್ಚಿತು.

ಹೊರಗಿನ ಬೆಂಚಿನಲ್ಲಿ ಕಾದಿದ್ದ ಅಪ್ಪನ ಕೈಗೆ ನಡೆಗಳ ಹಾಳೆ ಕೊಟ್ಟು ಕೇಳಿದಳು: "ಎಲ್ಲಿ ತಪ್ಪಿದೆ ಅಪ್ಪಾ?"

"ಕೊನೆಯಾಟಕ್ಕೆ ಬಂದಿದ್ರೆ ಗೆಲ್ತಿದ್ದೆ. ನಿಂಗೆ ತಾಳ್ಮೆ ಸಾಲ್ದು."

ಮರುದಿನ ಪ್ರಯೋಗಾಲಯದಲ್ಲಿ ಆ ಹಾಳೆಯನ್ನು ನನ್ನ ಮುಂದೆ ಬಿಡಿಸಿದರು. "ಏಳನೇ ನಡೆಗೆ ರಾಜನ್ನ ಮೂಲೆಗೆ ಸೇರಿಸ್ಬೇಕಿತ್ತು. ಕಾಲು ಗಂಟೆ ಪಾಠ, ಸಾರ್."

"ಅವಳಿಗೆ ಹೇಳಿದ್ರಾ?"

ಹಾಳೆಯನ್ನು ಮಡಚಿ ಕೋಟಿನ ಜೇಬಿಗಿಟ್ಟರು. "ಹೇಳಿದ್ರೆ, ಏಳು ವರ್ಷ ಏನ್ಮಾಡ್ತಿದ್ದೆ ಅಂತ ಕೇಳ್ತಾಳೆ."

ಹೇಳಲೇ ಇಲ್ಲ. ಅವಳು ಮತ್ತೆ ಆಡಲಿಲ್ಲ. ಯಾವ ಪರೀಕ್ಷೆಗೆ ಕರೆದರೂ "ನಂಗೆ ತಾಳ್ಮೆ ಇಲ್ಲ ಬಿಡಿ" ಎನ್ನುತ್ತ ಹಿಂದೆ ಸರಿಯುವುದು ಅವಳಿಗೆ ಅಭ್ಯಾಸವಾಯಿತು.

ಒಂದು ಸತ್ಯವನ್ನು ಕಷ್ಟಪಟ್ಟು ಸಂಪಾದಿಸಿದವರು ಅದರಾಚೆ ಇನ್ನೊಂದಿದೆಯೆಂದು ಒಪ್ಪುವುದು ಅಪರೂಪ. ಒಪ್ಪಿದರೂ ಗುಟ್ಟಾಗಿ ಒಪ್ಪುತ್ತಾರೆ. ಕೆಡುಕರ ಮಕ್ಕಳು ಅಪ್ಪನ ಮೇಲೆ ಸಿಟ್ಟಾದರೂ ಮಾಡಿ ಹಗುರಾಗಬಹುದು. ಇಂಥವರ ಮಕ್ಕಳು ತಮ್ಮ ಮೇಲೆಯೇ ಸಿಟ್ಟು ಮಾಡಿಕೊಂಡು ಬದುಕುತ್ತಾರೆ.