ಹನ್ನೆರಡನೇ ಕಾರ್ಡು

೧

ಎಲ್ಲಿಂದ ಶುರು ಮಾಡುವುದು? ಒಡೆದ ಕಿಟಕಿಯಿಂದಂತೂ ಬೇಡ. ಪಾಳುಬಿದ್ದ ಆಸ್ಪತ್ರೆಯ ಬಗ್ಗೆ ಬರೆಯುವವರೆಲ್ಲ ಒಂದು ಒಡೆದ ಕಿಟಕಿ, ಒಂದು ತುಕ್ಕು ಹಿಡಿದ ಮಂಚ, ಒಂದು ಪಾರಿವಾಳ ಇಷ್ಟನ್ನು ಜೋಡಿಸಿಕೊಂಡೇ ಕೂರುತ್ತಾರೆ. ಈ ಕಥೆಗಾರನೂ ಮೊದಲ ಡ್ರಾಫ್ಟಿನಲ್ಲಿ ಅದನ್ನೇ ಮಾಡಿದ್ದ. ಪಾರಿವಾಳ ಒಂದೇ ಪುಟದಲ್ಲಿ ಎರಡು ಸಲ ಹಾರಿತ್ತು. ಓದಿದಾಗ ಅವನಿಗೇ ವಾಕರಿಕೆ ಬಂದು ಡಿಲೀಟ್ ಮಾಡಿದ.

(ಕಥೆಗಾರ ತನ್ನನ್ನು ‘ನಾನು’ ಎನ್ನದೆ ‘ಅವನು’ ಎಂದು ಕರೆದುಕೊಳ್ಳುತ್ತಿರುವುದು ಶೈಲಿ ಎಂದುಕೊಳ್ಳಬೇಡಿ. ಅವನು ಮಾಡಿದ ಕೆಲಸಕ್ಕೆ ‘ನಾನು’ ಎನ್ನಲು ಮುಖ ಬೇಕು.)

೨

ಅವನ ಪರಿಚಯ ನಾಲ್ಕು ಸಾಲಿನಲ್ಲಿ ಮುಗಿಸೋಣ, ಅದಕ್ಕಿಂತ ಹೆಚ್ಚಿನ ಯೋಗ್ಯತೆ ಅವನಿಗಿಲ್ಲ. ವಾರದಲ್ಲಿ ಐದು ದಿನ ಹೈದರಾಬಾದಿನ ಮಾದಾಪುರದ ಒಂದು ಕಂಪನಿಯಲ್ಲಿ ಜಾಹೀರಾತಿನ ಸಾಲು ಬರೆಯುತ್ತಾನೆ. ಭಾನುವಾರ ಬಂತೆಂದರೆ ಕ್ಯಾಮೆರಾ ನೇತುಹಾಕಿಕೊಂಡು ಮುಚ್ಚಿಹೋದ ಆಸ್ಪತ್ರೆಗಳಿಗೆ ನುಗ್ಗುತ್ತಾನೆ. ತೆಗೆದ ಫೋಟೋಗಳನ್ನು ‘ಖಾಲಿ ವಾರ್ಡ್’ ಎಂಬ ತನ್ನ ಇನ್‌ಸ್ಟಾಗ್ರಾಂ ಪೇಜಿಗೆ ಹಾಕುತ್ತಾನೆ. ಯಾರೋ ಸತ್ತ ಮಂಚಕ್ಕೆ ಸಾವಿರ ಲೈಕು ಬೀಳುತ್ತವೆ.

ಊರಿನ ಅಂಚಿನ ಗುಡ್ಡದ ಮೇಲೆ ಒಂದು ಹಳೆಯ ಕ್ಷಯರೋಗದ ಆಸ್ಪತ್ರೆ. (ಹುಡುಕಿಕೊಂಡು ಹೋಗಬೇಡಿ, ಆ ಗುಡ್ಡವನ್ನು ಕಟ್ಟಿದವನು ಕಥೆಗಾರನೇ.) ಔಷಧಿಗಿಂತ ಗಾಳಿಯನ್ನು ಹೆಚ್ಚು ನಂಬುತ್ತಿದ್ದ ಕಾಲದ್ದು, ಹಾಗಾಗಿ ಕೋಣೆಗಳಿಗಿಂತ ವರಾಂಡವೇ ದೊಡ್ಡದು. ರೋಗಿಗಳನ್ನು ಮಂಚದ ಸಮೇತ ಬೆಳಗಿನ ಬಿಸಿಲಿಗೆ ತಳ್ಳುತ್ತಿದ್ದರಂತೆ. ಹಾಲು, ಮೊಟ್ಟೆ, ನಿದ್ದೆ, ಮಾತು ಕಡಿಮೆ. ಆಮೇಲೆ ಇಂಜೆಕ್ಷನ್ ಬಂತು, ಅದಾದ ಮೇಲೆ ಮನೆಯಲ್ಲೇ ಕೂತು ನುಂಗುವ ಮಾತ್ರೆ ಬಂತು, ಗುಡ್ಡ ಹತ್ತುವವರೇ ಇಲ್ಲವಾಗಿ ಆಸ್ಪತ್ರೆ ಮುಚ್ಚಿತು. ಈಗ ಸುತ್ತಲೂ ಅಪಾರ್ಟ್‌ಮೆಂಟುಗಳು. ‘ಎದೆತುಂಬ ಶುದ್ಧ ಗಾಳಿ’ ಎಂದು ದೊಡ್ಡ ಬೋರ್ಡು ನಿಂತಿದೆ. (ಆ ಸಾಲು ಬರೆದವನು ಯಾರೆಂದು ಬೇರೆ ಹೇಳಬೇಕೇ?)

ವಾಚ್‌ಮನ್‌ಗೆ ಚಹಾ ಕುಡಿಸಿ ಒಳಗೆ ಹೋದ ಕಥೆಗಾರನಿಗೆ ರೆಕಾರ್ಡ್ ರೂಮಿನ ಕಪಾಟಿನಲ್ಲಿ ಪೋಸ್ಟ್‌ಕಾರ್ಡಿನ ಕಟ್ಟುಗಳು ಸಿಕ್ಕವು. ಬ್ಯಾಂಡೇಜ್ ಬಟ್ಟೆಯಿಂದ ಕಟ್ಟಿದ್ದರು, ರೋಗಿಗೊಂದು ಕಟ್ಟು. ಅವುಗಳಲ್ಲೊಂದರ ಮೇಲಿನ ವಿಳಾಸ ಮಗುವಿನ ಕೈಬರಹದ್ದು. ದುಂಡಗಿನ ಇಂಗ್ಲಿಷ್ ಅಕ್ಷರ, ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು ಅದರ ಮೇಲೆ ಕೂರಿಸಿದ್ದು. ಫೋಟೋ ತೆಗೆದು ‘ಯಾರಿಗೂ ತಲುಪದ ಪತ್ರಗಳು’ ಎಂದು ಪೇಜಿಗೆ ಹಾಕಿದ. ಕಟ್ಟನ್ನು ಬ್ಯಾಗಿಗೆ ಸೇರಿಸಿದ. ಕದ್ದ ಎನ್ನಿ, ಪರವಾಗಿಲ್ಲ.

೩

ಮೂರನೇ ದಿನ ಒಂದು ಮೆಸೇಜು. ‘ಆ ಅಕ್ಷರ ನಮ್ಮ ಅಜ್ಜಿಯದಂತೆ. ಒಮ್ಮೆ ಮನೆಗೆ ಬರ್ತೀರಾ?’ ಕಳಿಸಿದವಳು ತೇಜಸ್ವಿನಿ ಎಂಬ ಹುಡುಗಿ. ಅಜ್ಜಿಯ ಹೆಸರು ಗೋದಾವರಿಬಾಯಿ. ಬೀದರ್ ಕಡೆಯ ಮನೆತನ, ಹಿಮಾಯತ್‌ನಗರದಲ್ಲಿ ವಾಸ, ಮೂವತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ವಯಸ್ಸು ಅರವತ್ತೈದು.

ಪಾತ್ರವೇ ಮೆಸೇಜು ಕಳಿಸಿ ಮನೆಗೆ ಕರೆಯುವುದೆಂದರೆ ಸಾಮಾನ್ಯವೇ? ಕಥೆಗಾರ ಓಡಿದ.

ಗೋದಾವರಿಬಾಯಿ ಚಹಾ ಕೊಟ್ಟು, ಕಾರ್ಡುಗಳನ್ನು ತೊಡೆಯ ಮೇಲೆ ಹರಡಿಕೊಂಡರು.

“ನೋಡು ತಮ್ಮಾ, ಈ ಏಳರ ನಡುವ ಒಂದು ಗೆರಿ ಹೊಡದೀನಲ್ಲ, ನಮ್ಮ ಸಾಲ್ಯಾಗ ಸಿಸ್ಟರ್ ಕಲಿಸಿದ್ದು. ಈಗೂ ಹಂಗೇ ಬರೀತೀನಿ.”

“ಯಾರಿಗೆ ಬರೆದದ್ದು ಅಮ್ಮಾ ಇವೆಲ್ಲ?”

“ನಮಗ ನಾವೇ.”

೧೯೭೧ರ ದೀಪಾವಳಿ ಮುಗಿದ ಮೇಲೆ ಅವರ ತಾಯಿ ಸುಗಲಮ್ಮನನ್ನು ಆ ಗುಡ್ಡಕ್ಕೆ ಸೇರಿಸಿದರು. ಸುಗಲಮ್ಮನಿಗೆ ಆಗ ಇಪ್ಪತ್ತೆಂಟು. ಅಲ್ಲಿ ಒಂದು ಪದ್ಧತಿಯಿತ್ತು. ಸೇರಿಸಿದ ದಿನವೇ ಮನೆಯವರ ಕೈಯಿಂದ ಹನ್ನೆರಡು ಕಾರ್ಡಿನ ಮೇಲೆ ಅವರವರ ಮನೆ ವಿಳಾಸ ಬರೆಸಿ ಇಟ್ಟುಕೊಳ್ಳುತ್ತಿದ್ದರು. ಆಮೇಲೆ ತಿಂಗಳಿಗೊಂದರಂತೆ, ರೋಗಿಯ ತೂಕ, ಜ್ವರ, ಕೆಮ್ಮು ಎಲ್ಲ ಹಿಂಬದಿಗೆ ಬರೆದು ಗುಮಾಸ್ತ ಅಂಚೆಗೆ ಹಾಕುತ್ತಿದ್ದ. ಗೋದಾವರಿಯ ತಂದೆ ಕಾಶಿನಾಥಪ್ಪ ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸದವರು, ಇಂಗ್ಲಿಷ್ ಬಾರದು. ಹಾಗಾಗಿ ಹನ್ನೊಂದು ವರ್ಷದ ಮಗಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆದಳು.

“ಅಪ್ಪ ‘ಮನಿ ನಂಬರ್ ಎಪ್ಪತ್ತೊಂದು ಅಂತ ಬರಿ’ ಅಂದ. ನಮ್ಮ ಗಲ್ಲಿಯೊಳಗ ಇದ್ದದ್ದೇ ನಲವತ್ತು ಮನಿ. ‘ಅಪ್ಪಾ, ನಮ್ಮದು ಹದಿನಾರಲ್ಲ?’ ಅಂದೆ. ತೊಡಿ ಚಿವುಟಿದ ನೋಡು, ಕಣ್ಣಾಗ ನೀರು ಬಂದ್ವು. ಸುಮ್ಮ ಬರದೆ.”

“ಸುಳ್ಳು ನಂಬರು ಯಾಕೆ?”

“ಇದೇನು ಕೇಳ್ತೀಯೋ! ಅಪ್ಪನ ತಂಗಿ ಸುಮಂಗಲಾ ಅತ್ತಿ ಲಗ್ನದ ಮಾತು ನಡದಿತ್ತು. ಕ್ಷಯದ ಮನಿ ಅಂದ್ರ ಯಾರು ಹೆಣ್ಣು ತರ್ತಾರ? ಕಾರ್ಡು ಅಂದ್ರ ಮುಚ್ಚಿಟ್ಟದ್ದೇನು, ಪೋಸ್ಟ್‌ಮನ್‌ನಿಂದ ಹಿಡದು ಎಲ್ಲಾರೂ ಓದಾವ್ರೇ.”

ಅವರು ಕಾರ್ಡುಗಳನ್ನು ಒಂದೊಂದಾಗಿ ತಿರುವಿ ಓದತೊಡಗಿದರು. ಮೊದಲನೆಯದು, ತೂಕ ಮೂವತ್ತಾರು ಕೆ.ಜಿ., ಜ್ವರ ಇದೆ. ಐದನೆಯದು, ಜ್ವರ ಇಲ್ಲ. ಎಂಟನೆಯದು, ತೂಕ ನಲವತ್ತನಾಲ್ಕು. ಹನ್ನೊಂದನೆಯದು: ‘ಪೂರ್ತಿ ಗುಣವಾಗಿದ್ದಾರೆ. ಮನೆಯವರು ಬಂದು ಸಹಿ ಹಾಕಿ ಕರೆದೊಯ್ಯಬೇಕು. ಸಹಿ ಇಲ್ಲದೆ ಹೆಂಗಸರನ್ನು ಕಳಿಸುವುದಿಲ್ಲ.’ ಪ್ರತಿಯೊಂದರ ಮೇಲೂ ಅಂಚೆಯವರ ಕೆಂಪು ಶಾಯಿ, ‘ಇಂಥ ಮನೆ ಇಲ್ಲ’.

“ಗುಣ ಆಗಿದ್ಲು,” ಎಂದರು ಗೋದಾವರಿಬಾಯಿ. “ಅಯ್ಯ ನಮ್ಮವ್ವಾ! ಗುಣ ಆಗಿದ್ದಿಯಲ್ಲವ್ವಾ ನೀನು!”

ಅವರಿಗೆ ಈ ಸಂಗತಿ ಗೊತ್ತಿರಲಿಲ್ಲ. ಅವ್ವ ಆ ಗುಡ್ಡದ ಮೇಲೇ ತೀರಿಕೊಂಡಳು, ಅಲ್ಲೇ ಮಣ್ಣು ಮಾಡಿದರು ಎಂದು ಅಪ್ಪ ಹೇಳಿದ್ದರು. ಅಪ್ಪ ಇರುವ ತನಕ ಅಪ್ಪ, ಆಮೇಲೆ ಮಗಳು, ಐವತ್ತು ವರ್ಷದ ಮೇಲಾಯಿತು, ವರ್ಷವರ್ಷವೂ ಹೋಳಿಗೆ ಮಾಡಿ ಫೋಟೋದ ಮುಂದೆ ಎಡೆ ಇಟ್ಟಿದ್ದರು.

ಅವರು ಮತ್ತೊಮ್ಮೆ ಎಣಿಸಿದರು. “ಹನ್ನೊಂದು ಅದಾವ. ಹನ್ನೆರಡನೇದು ಎಲ್ಲಿ?”

“ಇಲಿ ತಿಂದಿರಬೇಕು ಅಮ್ಮಾ.”

ಗೋದಾವರಿಬಾಯಿ ಕಾರ್ಡುಗಳನ್ನು ಒಂದರ ಮೇಲೊಂದು ಜೋಡಿಸಿಟ್ಟರು. ಚಹಾದ ಮೇಲೆ ಕೆನೆ ಕಟ್ಟಿತು.

“ತಮ್ಮಾ, ಇದನ್ನ ಯಾರ ಮುಂದೂ ಹೇಳಿಲ್ಲ. ಅವತ್ತು ದವಾಖಾನ್ಯಾಗ ಅಪ್ಪ ಆ ಕಡೆ ಹೊಳ್ಳಿ ಕಂಪೌಂಡರ್ ಜೋಡಿ ಮಾತಾಡಾಕತ್ತಿದ್ದ. ಕಡೀ ಕಾರ್ಡಿನ ಮ್ಯಾಲ ನಾ ಹದಿನಾರು ಅಂತ ಬರದೆ. ಬರದು ಎಲ್ಲಾದ್ರ ಕೆಳಗ ಇಟ್ಟೆ.”

ಹನ್ನೊಂದು ಮರಳಿ ಬಂದವು. ಹನ್ನೆರಡನೆಯದು ಮರಳಲಿಲ್ಲ. ತಲುಪಿತ್ತು ಎಂದೇ ಅರ್ಥ.

“ಮರುವರ್ಷದ ದೀಪಾವಳಿ ಮುಂದ, ಸಾಲಿಂದ ಬಂದೆ. ಬಾಗಲ ಮುಂದ ಬಂಡಿ ನಿಂತಿತ್ತು, ಸಾಮಾನೆಲ್ಲ ಏರಿಸ್ಯಾರ. ಅಪ್ಪ ‘ನಿಮ್ಮವ್ವ ಹೋದಳು, ಈ ಮನಿ ನಮಗ ಆಗಿ ಬರೂದಿಲ್ಲ’ ಅಂದ. ಅವತ್ತೇ ಈ ಕಡೆ ಬಂದ್ವಿ. ಅವ್ವ ಯಾರದೋ ಕೈಕಾಲು ಹಿಡದು ನಮ್ಮ ಹಳೀ ಗಲ್ಲಿಗೆ ಬಂದಿದ್ರೂ ಆಕಿಗೆ ಕಾಣೂದು ಏನು? ಬಾಗಲಿಗೆ ಹಾಕಿದ ಕೀಲಿ.”

ಹನ್ನೊಂದು ವರ್ಷದ ಹುಡುಗಿ ಕದ್ದು ಬರೆದ ಒಂದೇ ಒಂದು ನಿಜ ವಿಳಾಸವನ್ನು ಅಪ್ಪ ಮನೆ ಬದಲಿಸಿ ಸುಳ್ಳು ಮಾಡಿದ್ದರು.

೫

(ನಾಲ್ಕನ್ನು ಕಿತ್ತುಹಾಕಲಾಗಿದೆ. ಅದರಲ್ಲಿ ಕಾಶಿನಾಥಪ್ಪನವರನ್ನು ಸಿನಿಮಾದ ವಿಲನ್ ಮಾಡಲಾಗಿತ್ತು, ಮೀಸೆ ಕೂಡ ಕೊಡಲಾಗಿತ್ತು. ಗೋದಾವರಿಬಾಯಿ ಓದಿ, “ಅಪ್ಪ ರಾಕ್ಷಸ ಅಲ್ಲೋ. ಅವತ್ತು ಬಂಡಿ ಹಿಂದ ಅಳಕೋತ ನಡದಿದ್ದ. ಹೇಡಿ ಇದ್ದ. ಹೇಡಿ ಅಂತ ಬರಿ, ಸಾಕು” ಎಂದರು.)

ಕಥೆಗಾರ ಅಂತ್ಯಗಳನ್ನು ಕಟ್ಟತೊಡಗಿದ.

ಮೊದಲನೇ ಅಂತ್ಯ. ಯಾವುದೋ ಅನಾಥಾಶ್ರಮದಲ್ಲಿ ಎಂಬತ್ತೆರಡರ ಮುದುಕಿ ಸಿಗುತ್ತಾಳೆ, ತಾಯಿ ಮಗಳು ತಬ್ಬಿಕೊಳ್ಳುತ್ತಾರೆ. ಗೋದಾವರಿಬಾಯಿ ನಕ್ಕುಬಿಟ್ಟರು. “ತಬ್ಬಿಕೊಳ್ಳೂದೇನು, ಕಪಾಳಕ್ಕ ಎರಡು ಬಿಗೀತಾಳ. ‘ಬದುಕಿದ್ದಾಗ್ಲೇ ನನಗ ಎಡಿ ಹಿಡದ್ಯಲ್ಲೇ’ ಅಂತಾಳ.”

ಎರಡನೇ ಅಂತ್ಯ. ಹನ್ನೆರಡನೇ ಕಾರ್ಡು ಅಂಚೆಗೆ ಬೀಳಲೇ ಇಲ್ಲ, ಕಪಾಟಿನಲ್ಲೇ ಇಲಿ ತಿಂದಿತ್ತು, ಯಾರದೂ ತಪ್ಪಿಲ್ಲ. “ಇಲಿ ಮ್ಯಾಲ ಹಾಕಬ್ಯಾಡ. ನಮ್ಮ ಮನ್ಯಾವ್ರು ಮಾಡಿದ್ದನ್ನ ಇಲಿ ಯಾಕ ಹೊರಬೇಕು?”

ಮೂರನೇ ಅಂತ್ಯ. ಸುಗಲಮ್ಮ ಆಸ್ಪತ್ರೆಯಲ್ಲೇ ಆಯಾ ಆಗಿ... ಇಲ್ಲಿ ಗೋದಾವರಿಬಾಯಿ ಕೈ ಎತ್ತಿ ತಡೆದರು. ಇದರಲ್ಲಿ ಅರ್ಧ ನಿಜವಿತ್ತು. ಗುಣವಾದರೂ ಯಾರೂ ಕರೆದೊಯ್ಯದ ಹೆಂಗಸರು ಅಲ್ಲೇ ವಾರ್ಡು ಗುಡಿಸಿಕೊಂಡು ಇದ್ದರು, ಆಸ್ಪತ್ರೆ ಮುಚ್ಚಿದಾಗ ಒಂದು ಲಾರಿಯಲ್ಲಿ ಎಲ್ಲಿಗೋ ಕಳಿಸಿದರು ಎಂದು ವಾಚ್‌ಮನ್ ತನ್ನ ತಂದೆಯಿಂದ ಕೇಳಿದ್ದ. ಎಲ್ಲಿಗೆ ಎಂದು ಅವನಿಗೆ ಗೊತ್ತಿಲ್ಲ.

“ತಮ್ಮಾ, ನನಗ ಅಂತ್ಯ ಬ್ಯಾಡ,” ಎಂದರು ಗೋದಾವರಿಬಾಯಿ. “ಅಡ್ರೆಸ್ ಹಾಕು. ಅವ್ವನ ಖರೇ ಹೆಸರು, ನನ್ನ ಖರೇ ಹೆಸರು, ಈಗಿನ ಮನಿ ನಂಬರು. ಆಕಿ ಇದ್ದಾಳೋ ಇಲ್ಲೋ, ಆಕಿಗೆ ಒಂದು ತುತ್ತು ಹಾಕಿದವ್ರು ಎಲ್ಲೋ ಇರಬೇಕಲ್ಲ? ಯಾರರ ಓದ್ಯಾರು. ಯಾರರ ಬಂದು ಬಾಗಲ ಬಡದಾರು. ಇಷ್ಟು ಮಾಡ್ತೀಯಾ?”

“ಮಾಡ್ತೀನಿ ಅಮ್ಮಾ.”

“ಆಣಿ?”

“ಆಣೆ.”

೬

ಡ್ರಾಫ್ಟನ್ನು ನಿಜವಾದ ಹೆಸರು, ನಿಜವಾದ ವಿಳಾಸ ಹಾಕಿಯೇ ಬರೆದ. ಒಪ್ಪಿಕೊಳ್ಳಿ, ಒಂದು ಕ್ಷಣ ಅವನೂ ಒಳ್ಳೆಯವನಾಗಿದ್ದ. ಗೋದಾವರಿಬಾಯಿ ಓದಿದರು, ಎರಡು ಕಡೆ ಕಾಗುಣಿತ ತಿದ್ದಿದರು, ಹನ್ನೆರಡು ಜೆರಾಕ್ಸ್ ತರಿಸಿದರು. ಒಂದೊಂದರ ತಲೆಯ ಮೇಲೂ ಸ್ಕೇಲಿಟ್ಟು ಗೆರೆ ಎಳೆದು, ದುಂಡಗೆ ತಮ್ಮ ಮನೆಯ ವಿಳಾಸ ಬರೆದರು. ಅದಕ್ಕೆ ಒಂದಿಡೀ ಮಧ್ಯಾಹ್ನ ಹಿಡಿಯಿತು. ಕಥೆಗಾರ ಎದುರಿಗೇ ಕೂತಿದ್ದ.

“ನಿಂದು ಕಾಲು ಗಟ್ಟಿ ಅದಾವ. ಭಾನುವಾರಕ್ಕೊಂದು ಆಶ್ರಮ ಹಿಡಿ. ಮುದುಕ್ಯಾರು ಇರೂ ಕಡೆ ಒಂದೊಂದು ಕೊಟ್ಟು ಬಾ.”

ಕವರಿನಲ್ಲಿ ಹಾಕಿ, ಅಂಟಿಸಿ ಕೊಟ್ಟರು. ಅವನು ಬ್ಯಾಗಿಗೆ ಇಳಿಸಿದ.

೬, ಮತ್ತೆ

(ಇದನ್ನು ಏಳು ಎನ್ನಬೇಕಿತ್ತು. ಕಥೆಗಾರನಿಗೆ ಮುಂದೆ ಹೋಗುವ ಧೈರ್ಯವಿಲ್ಲ.)

ಮೆಟ್ಟಿಲಿಳಿದಾಗ ಕೆಳಗೆ ಸುಶಾಂತ ಕಾಯುತ್ತಿದ್ದ. ಗೋದಾವರಿಬಾಯಿಯ ಮಗ, ತೇಜಸ್ವಿನಿಯ ತಂದೆ. ಕೈ ಹಿಡಿದು ಇರಾನಿ ಹೋಟೆಲಿಗೆ ಕರೆದೊಯ್ದ. ಒರಟು ಮನುಷ್ಯನಲ್ಲ. ಬಿಸ್ಕತ್ತಿನ ತಟ್ಟೆಯನ್ನು ಕಥೆಗಾರನ ಕಡೆಗೇ ಸರಿಸಿದ.

“ಸರ, ನಿಮ್ಮ ಕಥಿ ಭಾಳ ಚಲೋ ಐತ್ರಿ. ನಾನೂ ಅತ್ತೆ. ಆದ್ರ ಮಗಳಿಗೆ ವರ ನೋಡಾಕತ್ತೀವ್ರಿ. ಈಗ ಟಿಬಿಗೆ ಯಾರೂ ಹೆದರಂಗಿಲ್ಲ, ಅದು ಬ್ಯಾರೆ. ಬದುಕಿದಾಕಿಗೆ ತಿಥಿ ಮಾಡಿದ ಮನಿತನ ಅಂತ ತಿಳದ್ರ? ಕಥಿ ನಡೀಲ್ರಿ, ಬ್ಯಾಡ ಅನ್ನಂಗಿಲ್ಲ. ಹೆಸರು ಬದಲ್ ಮಾಡ್ರಿ. ಮನಿ ನಂಬರ್ ಒಂದು ತಗೀರಿ, ಅಷ್ಟೇ.”

ಕಥೆಗಾರ ಆಣೆ ಇಟ್ಟಿದ್ದನ್ನು ಹೇಳಿದನೇ? ಇಲ್ಲ. ಇಲ್ಲೊಂದು ಘನವಾದ ಸಂಭಾಷಣೆ ಬರೆದು, ಎದ್ದು ನಿಂತು, ಗ್ಲಾಸನ್ನು ಟೇಬಲಿಗೆ ಕುಟ್ಟಿಸಬಹುದಿತ್ತು. ಬರೆದೂ ಇದ್ದ. ಓದಿದರೆ ಅಪ್ಪಟ ಸುಳ್ಳು ಎಂದು ಎರಡನೇ ಸಾಲಿಗೇ ತಿಳಿಯುತ್ತಿತ್ತು. ನಡೆದದ್ದು ಇಷ್ಟು: ಬಿಸ್ಕತ್ತು ತಿಂದ, “ನೋಡೋಣ ಸುಶಾಂತ್” ಎಂದ, ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದು ಎಲ್ಲ ಬದಲಿಸಿದ.

ಗೋದಾವರಿ ಎಂಬುದು ಅವರ ಹೆಸರಲ್ಲ. ಸುಗಲಮ್ಮ ಆಕೆಯ ಹೆಸರಲ್ಲ. ಮನೆ ಹಿಮಾಯತ್‌ನಗರದಲ್ಲಿಲ್ಲ. ಹದಿನಾರೂ ಹದಿನಾರಲ್ಲ. ‘ಈ ಕಥೆಯ ಪಾತ್ರ, ಸ್ಥಳ, ವಿಳಾಸಗಳೆಲ್ಲ ಕಾಲ್ಪನಿಕ’ ಎಂದು ಕಥೆಗಳ ಕೆಳಗೆ ಹಾಕುತ್ತಾರಲ್ಲ, ಅದನ್ನು ಟೈಪ್ ಮಾಡುವಾಗ ಕಥೆಗಾರನಿಗೆ ಆ ಕೆಂಪು ಶಾಯಿಯ ಮೂರು ಪದ ನೆನಪಾದವು. ಟೈಪ್ ಮಾಡುವುದನ್ನು ನಿಲ್ಲಿಸಲಿಲ್ಲ. ಕಾಶಿನಾಥಪ್ಪ ಬಂಡಿಯ ಹಿಂದೆ ಅತ್ತಾದರೂ ಇದ್ದರು. ಇವನು ಫೈಲ್ ಸೇವ್ ಮಾಡಿ ಊಟಕ್ಕೆ ಎದ್ದ.

೮

ಹನ್ನೆರಡು ಭಾನುವಾರ ಕಳೆದವು. ಗೋದಾವರಿಬಾಯಿ ಫೋನ್ ಮಾಡಿದರು.

“ಹಂಚಿದಿ ಏನು ತಮ್ಮಾ?”

“ಹಂಚಿದೆ ಅಮ್ಮಾ.”

“ಹನ್ನೆರಡೂ?”

“ಹನ್ನೆರಡೂ.”

ಆ ಕಡೆ ಕುಕ್ಕರ್ ಕೂಗಿದ್ದು ಕೇಳಿಸಿತು.

“ಚಲೋ ಆತು ಬಿಡು,” ಎಂದರು. “ನಾನು ಬಾಗಲ ತಗದೇ ಇಟ್ಟಿರ್ತೀನಿ.” ಫೋನ್ ಇಟ್ಟರು.

ಕಥೆಗಾರ ಬ್ಯಾಗ್ ಎಳೆದು ಕವರ್ ಹರಿದ. ಯಾಕೆ ಹರಿದ ಎಂದು ಕೇಳಬೇಡಿ, ಪಶ್ಚಾತ್ತಾಪ ಎಂದು ಬರೆದರೆ ಅವನನ್ನು ಉಬ್ಬಿಸಿದಂತಾಗುತ್ತದೆ. ಸುಡುವುದಕ್ಕೂ ಇರಬಹುದು. ಪ್ರತಿಗಳನ್ನು ಎಣಿಸಿದ.

ಹನ್ನೊಂದು.

ಮತ್ತೆ ಎಣಿಸಿದ. ಕವರನ್ನು ತಲೆಕೆಳಗು ಮಾಡಿ ಕೊಡವಿದ. ಅಂಟಿಸಿದ್ದು ಅಂಟಿಸಿದ ಹಾಗೇ ಇತ್ತು, ನಡುವೆ ಯಾರೂ ತೆಗೆದಿರಲಿಲ್ಲ. ಹನ್ನೆರಡು ಬರೆದದ್ದನ್ನು ಅವನು ಕಣ್ಣಾರೆ ನೋಡಿದ್ದ. ಗೋದಾವರಿಬಾಯಿ ಅವನಿಗೆ ಕೊಟ್ಟದ್ದೇ ಹನ್ನೊಂದು. ಇಂಥ ಗಂಡಸರು ಅವರಿಗೆ ಹೊಸಬರಲ್ಲ. “ಹನ್ನೆರಡೂ” ಎಂದು ಅವನು ಹೇಳಿದಾಗಲೇ, ಅವನು ಕವರನ್ನೇ ಬಿಚ್ಚಿಲ್ಲವೆಂದು ಅವರಿಗೆ ತಿಳಿದುಹೋಗಿತ್ತು.

ಫೋನ್ ಮಾಡಿ, ಆ ಒಂದು ಎಲ್ಲಿ ಹೋಯಿತು ಎಂದು ಕೇಳಬಹುದು. ಯಾವ ಬಾಯಿಂದ ಕೇಳುತ್ತಾನೆ? ಹಾಗಾಗಿ ಅದನ್ನು ಅವರು ಯಾವ ಆಶ್ರಮಕ್ಕೆ ಒಯ್ದರು, ಯಾವ ಬಸ್ಸು ಹತ್ತಿದರು, ಯಾರ ಕೈಗೆ ಕೊಟ್ಟರು, ಕಥೆಗಾರನಿಗೆ ಗೊತ್ತಿಲ್ಲ, ಆದ್ದರಿಂದ ನಿಮಗೂ ಗೊತ್ತಾಗುವುದಿಲ್ಲ. ನಿಮ್ಮ ಕೈಯಲ್ಲಿರುವುದು ಸುಳ್ಳು ವಿಳಾಸದ ಪ್ರತಿ. ನಿಜ ವಿಳಾಸದ ಹನ್ನೊಂದು ಅವನ ಬಳಿಯೇ ಇವೆ, ಒಂದೇ ಒಂದು ಹೊರಟುಹೋಗಿದೆ. ಇನ್ನೂ ಮರಳಿ ಬಂದಿಲ್ಲ.